ಮಚ್ಚೇಂದ್ರನ ಒದೆಯುವ ಸ್ಟೂಲು

ಹುಮನಾಬಾದಿನ ಅಡತಿ ಬಜಾರಿನಲ್ಲಿ ನನ್ನಷ್ಟು ಜೋರಾಗಿ ಮಾತಾಡುವವರು ಇನ್ನೊಬ್ಬರಿಲ್ಲ ಎಂದು ಜನ ಹೇಳುತ್ತಾರೆ. ಹೇಳಲಿ, ನನಗೇನು. ಬಟ್ಟೆ ಅಂಗಡಿ ಇಟ್ಟವನು ಪಿಸುಗುಟ್ಟುತ್ತಾ ಕೂತರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ. ನಮ್ಮ ಮನೆತನವೇ ಹೀಗೆ. ನನ್ನ ಅವ್ವ ಪಾರ್ವತಿಬಾಯಿ ದೇವರ ಮುಂದೆ ನಿಂತು ಬೇಡಿಕೊಂಡರೆ ಎದುರು ಮನೆಯವರು ಯಾರೋ ತಮ್ಮನ್ನೇ ಕರೆದರೆಂದು ಬಾಗಿಲು ತೆರೆಯುತ್ತಿದ್ದರು. ನನ್ನ ಹೆಸರು ದಿಗಂಬರ. ಗಂಟಲಿನ ವಿಷಯ ಮೊದಲೇ ಯಾಕೆ ಹೇಳಿದೆನೆಂದರೆ, ಪಕ್ಕದ ಅಂಗಡಿಯ ರೇಡಿಯೋ ಮಿಸ್ತ್ರಿ ಮಚ್ಚೇಂದ್ರನಿಗೆ ಕಿವಿ ಕೇಳುವುದಿಲ್ಲ ಎಂಬುದು ಇಡೀ ಒಂದು ವರ್ಷ ನನಗೆ ಗೊತ್ತಾಗದೆ ಹೋದದ್ದು ಈ ಗಂಟಲಿನಿಂದಲೇ.

ಮಚ್ಚೇಂದ್ರ ಹತ್ತಿರದ ಹುಡಗಿ ಎಂಬ ಊರಿನವನು. ಅವನ ಅಪ್ಪ ನರಸಿಂಗ ಸಾಯುವವರೆಗೆ ಬೇರೆಯವರ ಹೊಲದಲ್ಲಿ ತೊಗರಿ ಕೊಯ್ದ. ಮಗ ಮಾತ್ರ ಹೈದರಾಬಾದಿಗೆ ಹೋಗಿ ಒಂದು ರೇಡಿಯೋ ಅಂಗಡಿಯಲ್ಲಿ ಮೊದಲು ಕಸ ಹೊಡೆದ, ಆಮೇಲೆ ಚಾ ತಂದ, ಆಮೇಲೆ ಕೈಯಲ್ಲಿ ತಂತಿ ಬೆಸೆಯುವ ಕಾವಿನ ಕಡ್ಡಿ ಹಿಡಿದ. ೧೯೬೫ರಲ್ಲಿ ವಾಪಸು ಬಂದು ನನ್ನ ಅಂಗಡಿಯ ಗೋಡೆಗೆ ಗೋಡೆ ಹಚ್ಚಿ ಒಂದು ಖೋಲಿ ಹಿಡಿದ. ಬಂದ ದಿನವೇ ಬಡಿಗನಿಗೆ ಹೇಳಿ ಸಾಗವಾನಿಯ ಒಂದು ಸ್ಟೂಲು ಮಾಡಿಸಿದ. ಅವರ ವಂಶದಲ್ಲಿ ನೆರಳಿನಲ್ಲಿ ಕೂತು ದುಡಿದವರಲ್ಲಿ ಅವನೇ ಮೊದಲಿಗ. ಆ ಕೂರುವುದಕ್ಕೊಂದು ಬೆಲೆ ಇತ್ತು ಅವನಿಗೆ. ಸ್ಟೂಲಿನ ಮೇಲೆ ಬೇರೆ ಯಾರನ್ನೂ ಕೂರಗೊಡುತ್ತಿರಲಿಲ್ಲ. ನಾನು ಒಮ್ಮೆ ಕೂತಾಗ, "ಏಳ್ರಿ ಜರಾ, ಅದರ ಕಾಲು ಸಡ್ಲ ಅದ" ಎಂದು ಸುಳ್ಳು ಹೇಳಿ ಎಬ್ಬಿಸಿದ.

ನಾನು ಗೋಡೆಯಾಚೆಯಿಂದ ಕೂಗಿ ಮಾತಾಡಿದಾಗಲೆಲ್ಲ ಅವನದು ಒಂದೇ ಮಾತು. "ಯಾಕ ಇಷ್ಟು ಒದರ್ತಿ? ನಾ ಏನ್ ಕಿವುಡ ಇದ್ದೀನೇನು?" ಹನ್ನೆರಡು ವರ್ಷ ಇದನ್ನೇ ಕೇಳಿದೆ. ಮೊದಲ ಹನ್ನೊಂದು ವರ್ಷ ಅವನು ಕಿವುಡನಾಗಿರಲಿಲ್ಲ, ನಿಜ.

ಬಜಾರಿನ ವರ್ತಕರ ಮಂಡಳಿ ೧೯೬೮ರಲ್ಲಿ ಒಂದು ದೊಡ್ಡ ರೇಡಿಯೋ ತಂದು ಮಚ್ಚೇಂದ್ರನ ಅಂಗಡಿಯಲ್ಲಿ ಇಟ್ಟಿತು. ಅದಕ್ಕೊಂದು ಆಂಪ್ಲಿಫೈಯರ್, ಬಜಾರಿನ ನಾಲ್ಕು ಮೂಲೆಗೆ ನಾಲ್ಕು ಹಾರ್ನು, ದನ ಕಳೆದವರು ಸಾರಿ ಹೇಳಲಿಕ್ಕೆ ಒಂದು ಮೈಕು. ಬೆಳಿಗ್ಗೆ ವಾರ್ತೆ, ಸಂಜೆ ರೈತರ ಕಾರ್ಯಕ್ರಮ, ಅದರ ಹಿಂದೆಯೇ ತೊಗರಿ, ಕಡಲೆ, ಜೋಳದ ಧಾರಣೆ. ಗಾಳಿ ಆ ಕಡೆ ಬೀಸಿದರೆ ಮಾಣಿಕನಗರದವರಿಗೂ ಕೇಳಿಸುತ್ತಿತ್ತು. ಧಾರಣೆ ಓದುವ ಹೊತ್ತಿಗೆ ಇಡೀ ಬಜಾರು ಕೈಯಲ್ಲಿದ್ದ ತಕ್ಕಡಿಯನ್ನು ಹಾಗೇ ಎತ್ತಿ ಹಿಡಿದು ನಿಲ್ಲುತ್ತಿತ್ತು. ರೇಡಿಯೋ ಎಲ್ಲಿಯೂ ನಿಲ್ಲದಂತೆ ನೋಡಿಕೊಳ್ಳುವುದು ಮಚ್ಚೇಂದ್ರನ ಕೆಲಸ. ಮಂಡಳಿಯ ಮಿಸ್ತ್ರಿ ಎಂಬ ಹೆಸರಿಗೇ ಜನ ತಮ್ಮ ಮನೆಯ ರೇಡಿಯೋಗಳನ್ನೂ ಅವನ ಕಡೆಗೇ ತರುತ್ತಿದ್ದರು. ಹೀಗಾಗಿ ಆ ಕೆಲಸ ಹೋದರೆ ಅಂಗಡಿಯೂ ಹೋದಂತೆಯೇ.

ಮಂಡಳಿಯ ಸೆಕ್ರೆಟರಿ ಬಸವಣಪ್ಪ. ದೊಡ್ಡ ದೇಹ, ಕೆಟ್ಟ ಮೊಣಕಾಲು, ಎರಡೂ ತುಟಿ ಮುಚ್ಚುವಂಥ ಮೀಸೆ. ಕಿಸೆಯಲ್ಲಿ ಒಂದು ಕೆಂಪು ವಹಿ. ರೇಡಿಯೋ ನಿಂತಿತೆಂದರೆ ತಾರೀಖು, ಹೊತ್ತು, ಎಷ್ಟು ನಿಮಿಷ, ಎಲ್ಲ ಅದರಲ್ಲಿ ಬರೆದಿಡುವುದು ಅವನ ಚಟ. ಆ ವಹಿಯನ್ನು ಕಂಡರೆ ನನಗೂ ಅಂಜಿಕೆಯಾಗುತ್ತಿತ್ತು, ನಾನು ರೇಡಿಯೋ ಅಲ್ಲದಿದ್ದರೂ.

೧೯೭೭ರ ಬೇಸಿಗೆ. ಬಸವಕಲ್ಯಾಣದಲ್ಲಿ ನನ್ನ ತಮ್ಮನ ಮಗಳ ಮದುವೆ. ಬೀಗರು ಊಟದ ಪಂಕ್ತಿಯ ವಿಷಯಕ್ಕೆ ತಕರಾರು ತೆಗೆದರು. ನಾನು ಎರಡು ದಿನ ಅವರ ಜೊತೆ ಜಗಳಾಡಿದೆ. ಗೆದ್ದೆ, ಆದರೆ ಗಂಟಲು ಪೂರಾ ಕೂತುಹೋಯಿತು. ಮೂರನೆಯ ದಿನ ಹುಮನಾಬಾದಿಗೆ ಬಂದು ಬಸ್ಸಿನಿಂದ ಇಳಿದರೆ ನಾಲ್ಕೂ ಹಾರ್ನಿನಲ್ಲಿ ಎರಡು ಸ್ಟೇಷನ್ನು ಒಟ್ಟಿಗೇ ಬರುತ್ತಿವೆ. ಒಬ್ಬಳು ವಾರ್ತೆ ಓದುತ್ತಿದ್ದಾಳೆ, ಅವಳ ಮಾತಿನ ನಡುವೆ ಯಾವನೋ ಶಹನಾಯಿ ಊದುತ್ತಿದ್ದಾನೆ. ಬಜಾರಿನವರೆಲ್ಲ ಕಿವಿ ಮುಚ್ಚಿಕೊಂಡಿದ್ದಾರೆ. ಅಂಗಡಿಗೆ ಹೋಗಿ ನೋಡಿದರೆ ಮಚ್ಚೇಂದ್ರ ಸ್ಟೂಲಿನ ಮೇಲೆ ಕೂತು ಯಾರದೋ ರೇಡಿಯೋಕ್ಕೆ ತಂತಿ ಬೆಸೆಯುತ್ತಾ ತಲೆದೂಗುತ್ತಿದ್ದಾನೆ!

"ಮಚ್ಚೇಂದ್ರ" ಎಂದೆ, ಉಳಿದ ದನಿಯಲ್ಲಿ. ತಿರುಗಲಿಲ್ಲ. ಮತ್ತೆ ಎಂದೆ. ಮೂರನೆಯ ಸಲ ಹೆಗಲ ಮೇಲೆ ಕೈ ಇಟ್ಟೆ. ಹಾರಿ ಬಿದ್ದ.

"ಯಾವಾಗ ಬಂದಿ? ಯಾಕ ಪಿಸಿಪಿಸಿ ಅಂತಿ?" ಎಂದ.

ನಾನು ರೇಡಿಯೋದ ಕಡೆ ಕೈ ಮಾಡಿದೆ. ಅವನು ಕಿವಿ ಕೊಡಲಿಲ್ಲ, ಕಣ್ಣು ಕೊಟ್ಟ. ಸ್ಟೇಷನ್ ತೋರಿಸುವ ಮುಳ್ಳನ್ನು ನೋಡಿ, "ಛಲೋ ಹತ್ಯಾದಲ್ಲ" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಕಿವುಡನಾದದ್ದಕ್ಕಲ್ಲ, ನನಗೆ ಹೇಳದೆ ಕಿವುಡನಾದದ್ದಕ್ಕೆ. ಬಯ್ಯಬೇಕೆಂದರೆ ಗಂಟಲಿಲ್ಲ. ಕಿಸೆಯಲ್ಲಿದ್ದ, ಬಟ್ಟೆಗೆ ಗುರುತು ಹಾಕುವ ದರ್ಜಿ ಖಡು ತೆಗೆದು ಅವನ ಟೇಬಲ್ಲಿನ ಮೇಲೆ, "ಕಿವಿ ಯಾವಾಗ ಹೋತಲೇ ಹಲ್ಕಟ್?" ಎಂದು ದೊಡ್ಡದಾಗಿ ಬರೆದೆ. ಅವನು ಅಂಗೈಯಿಂದ ಗಬಗಬ ಒರೆಸಿ, ಬಾಗಿಲು ಅರ್ಧ ಮುಚ್ಚಿ ಬಂದು, "ನಾ ಏನ್ ಕಿವುಡ ಇದ್ದೀನೇನು?" ಎಂದ. ನಾನು ಮತ್ತೆ ಖಡು ಎತ್ತಿದೆ.

ಆಮೇಲೆ ಎಲ್ಲ ಹೇಳಿದ. ಒಂದು ವರ್ಷದಿಂದ ಹೀಗಾಗಿದೆ. "ಮೊದಲು ಹೆಣ್ಣುಮಕ್ಕಳ ವಾರ್ತೆ ಹ್ವಾತು. ಆಮ್ಯಾಲ ಗಂಡಸರದೂ ಹ್ವಾತು. ಈಗ ನಿನ್ನ ಧ್ವನಿ ಒಂದೇ ಉಳದಾದ ನೋಡು." ಬಸವಕಲ್ಯಾಣದಲ್ಲಿ ಒಬ್ಬ ಡಾಕ್ಟರರಿಗೆ ಗುಟ್ಟಾಗಿ ತೋರಿಸಿ ಬಂದಿದ್ದ. ಕಿವಿಯ ನರ ಒಣಗಿದೆ, ಔಷಧವಿಲ್ಲ ಎಂದಿದ್ದರಂತೆ. ರಿಪೇರಿಗೆ ತೊಂದರೆಯಿಲ್ಲ. ಮೀಟರಿನ ಮುಳ್ಳು ನೋಡುತ್ತಾನೆ, ಸ್ಪೀಕರಿನ ಕಾಗದದ ಮೇಲೆ ಬೆರಳಿಡುತ್ತಾನೆ. ಕಾಗದ ಕುಣಿದರೆ ಸದ್ದಿದೆ, ಇಲ್ಲದಿದ್ದರೆ ಇಲ್ಲ. ಜನರ ಮಾತು ತುಟಿ ನೋಡಿ ತಿಳಿಯುತ್ತದೆ. ತೊಂದರೆ ಇರುವುದು ಬಜಾರಿನ ರೇಡಿಯೋದ್ದು. ಅದರ ಮೇಲೆ ಇಡೀ ದಿನ ಬೆರಳಿಟ್ಟುಕೊಂಡು ಕೂರಲಿಕ್ಕಾಗುವುದಿಲ್ಲ. ಅದು ನಿಂತರೆ ಗೋಡೆಯಾಚೆಯಿಂದ ನಾನು ಒದರಿದರಷ್ಟೇ ಅವನಿಗೆ ಗೊತ್ತಾಗುವುದು. ಅದು ಬಸವಣಪ್ಪನಿಗೆ ಗೊತ್ತಾದರೆ ಎಲ್ಲ ಮುಗಿಯಿತು.

ಅಷ್ಟರಲ್ಲಿ ಅವನ ಹೆಂಡತಿ ಸುಮನಬಾಯಿ ರೊಟ್ಟಿ ಗಂಟು ಹಿಡಿದು ಬಂದಳು. ನಮ್ಮಿಬ್ಬರ ಮುಖ ನೋಡಿಯೇ ಅವಳಿಗೆ ತಿಳಿಯಿತು. "ನಿಮಗೂ ಗೊತ್ತಾತೇನ್ರಿ ಅಣ್ಣಾ? ಛಲೋ ಆತು, ನನ್ನ ಎದಿಭಾರ ಅರ್ಧ ಇಳೀತು" ಎಂದಳು. "ನಾ ಏನ್ರಿ, ನಾಳಿನೇ ಕುಡಗೋಲು ತಗೊಂಡು ಹೊಲಕ್ಕ ಹೋಗ್ತೀನಿ, ನಂಗ ಅಂಜಿಕಿ ಇಲ್ಲ. ಆದ್ರ ಇಂವಂಗ ಈ ಸ್ಟೂಲಿನಿಂದ ಇಳಸಿದ್ರ ಇಂವ ಉಳ್ಯಂಗಿಲ್ರಿ." ಅವಳು ಅಳಲಿಲ್ಲ. ಬುತ್ತಿ ಬಿಚ್ಚಿ ನನಗೂ ಒಂದು ರೊಟ್ಟಿ ಕೊಟ್ಟಳು.

ಮೂರು ದಿನ ಮಚ್ಚೇಂದ್ರ ಹಳೆಯ ಸಾಮಾನಿನ ಪೆಟ್ಟಿಗೆ ಕೆದಕುತ್ತಾ ಕೂತ. ನಾಲ್ಕನೆಯ ದಿನ ನನ್ನ ಅಂಗಡಿಗೆ ಬಂದು ಒಂದು ಹಳೆಯ ಎಲೆಕ್ಟ್ರಿಕ್ ಗಂಟೆ ತೋರಿಸಿದ. ದೊಡ್ಡ ದೊಡ್ಡ ಪ್ರಸಾರ ಕೇಂದ್ರಗಳಲ್ಲಿ ಒಂದು ಯಂತ್ರವಿರುತ್ತದಂತೆ. ಪ್ರಸಾರ ಹೊರಗೆ ಹೋಗುತ್ತಿದೆಯೋ ಇಲ್ಲವೋ ಎಂದು ಅದು ಕಾಯುತ್ತಿರುತ್ತದೆ, ನಿಂತ ಕೂಡಲೇ ಅಲಾರಾಮು ಹೊಡೆಯುತ್ತದೆ. ಹೈದರಾಬಾದಿನ ಉಸ್ತಾದ್ ಹೇಳಿದ್ದ. ಅಂಥದ್ದೊಂದನ್ನು ಬಜಾರಿನ ರೇಡಿಯೋಕ್ಕೂ ಮಾಡುತ್ತೇನೆ ಎಂದ.

ಅಷ್ಟೊತ್ತಿಗೆ ನನ್ನ ಗಂಟಲು ವಾಪಸು ಬಂದಿತ್ತು. "ಗಂಟಿ ಹೊಡದ್ರ ನಿನಗ ಹ್ಯಾಂಗ ಕೇಳ್ತದಲೇ ಹುಚ್ಚಪ್ಪ?" ಎಂದು ಕೂಗಿದೆ.

ಅವನು ನಕ್ಕು ಗಂಟೆಯ ಹಿತ್ತಾಳೆ ಬಟ್ಟಲನ್ನು ಕಳಚಿ ಮೂಲೆಗೆ ಎಸೆದ. ಉಳಿದದ್ದು ಬರೀ ಸುತ್ತಿಗೆ. ಅದನ್ನು ಒಯ್ದು ಸ್ಟೂಲಿನ ಹಲಗೆಯ ಅಡಿಗೆ ಕೂರಿಸಿದ. ಅಡಿಯಿಂದ ತಂತಿ ಒಂದು ಕಾಲಿಗೆ ಸುತ್ತಿಕೊಂಡು ಒಂದು ಬೇರೆ ಬ್ಯಾಟರಿಗೂ ಬಜಾರಿನ ರೇಡಿಯೋಕ್ಕೂ ಹೋಯಿತು. ರೇಡಿಯೋ ನಿಂತರೆ ಸುತ್ತಿಗೆ ಹಲಗೆಯನ್ನು ಬಡಿಯುತ್ತದೆ, ಸದ್ದು ವಾಪಸು ಬರುವವರೆಗೆ ಬಡಿಯುತ್ತಲೇ ಇರುತ್ತದೆ. ಕಿವಿ ಸುದ್ದಿ ಕೊಡದಿದ್ದರೇನು, ಕುಂಡೆ ಕೊಡುತ್ತದೆ. ಹೀಗೆ ಹೇಳಿದವನು ಅವನೇ, ನಾನಲ್ಲ.

ಯಂತ್ರ ಮಾಡುವುದು ಎರಡು ದಿನದ ಕೆಲಸ. ಅದನ್ನು ಹದಕ್ಕೆ ತರುವುದಕ್ಕೆ ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನ ನನ್ನ ವ್ಯಾಪಾರ ಎಕ್ಕುಟ್ಟಿಹೋಯಿತು. ಯಂತ್ರಕ್ಕೆ ಎರಡು ತಿರುಗಣಿ. ಒಂದು, ಎಷ್ಟು ಸಣ್ಣ ಸದ್ದನ್ನು ಸದ್ದೆಂದು ಹಿಡಿಯಬಾರದು ಎಂದು ಹೇಳುವುದು. ಇನ್ನೊಂದು, ಸದ್ದು ನಿಂತ ಮೇಲೆ ಎಷ್ಟು ಹೊತ್ತು ತಡೆದು ಬಡಿಯಬೇಕು ಎಂದು ಹೇಳುವುದು. ಕೇಳಲಿಕ್ಕೆ ಸುಲಭ. ಆದರೆ ಸ್ಟೇಷನ್ನು ಹೋದರೆ ರೇಡಿಯೋ ಸುಮ್ಮನಾಗುವುದಿಲ್ಲ, ಜರ್ರ್ ಎನ್ನುತ್ತದೆ. ಯಂತ್ರ ಆ ಜರ್ರನ್ನೂ ಕಾರ್ಯಕ್ರಮವೆಂದು ತಿಳಿದು ಸುಮ್ಮನೆ ಕೂರಬಾರದು. ಜರ್ರ್ ಎಷ್ಟು ಜೋರಿದೆ, ಮೆಲ್ಲಗೆ ಮಾತಾಡುವವರ ಮಾತು ಎಷ್ಟು ಜೋರಿದೆ, ಎರಡರ ನಡುವೆ ಗೆರೆ ಎಳೆಯಬೇಕು. ಮಚ್ಚೇಂದ್ರನಿಗೆ ಎರಡೂ ಕೇಳುವುದಿಲ್ಲ. ಹಾಗಾಗಿ ಕಿವಿ ನನ್ನದು, ತಿರುಗಣಿ ಅವನದು, ಕುಂಡೆ ಇಬ್ಬರದೂ.

ಮೊದಲ ದಿನ ವಾರ್ತೆ ಓದುವಾತ ಉಸಿರು ತೆಗೆದುಕೊಂಡಾಗಲೆಲ್ಲ ಸ್ಟೂಲು ಬಡಿಯಿತು. ಆತನ ಉಸಿರು ಚಿಕ್ಕದು, ಪಾಪ. ಹತ್ತು ನಿಮಿಷದಲ್ಲಿ ಮಚ್ಚೇಂದ್ರ ನಲವತ್ತು ಸಲ ಎದ್ದು ಕೂತ. ತಡೆಯುವ ಹೊತ್ತನ್ನು ಐದು ಸೆಕೆಂಡಿಗೆ ಇಟ್ಟೆವು. ವಾರ್ತೆ ದಾಟಿತು. ಆಲಾಪ ಮಾಡುವ ಗವಾಯಿ ಸಿಕ್ಕಿಬಿದ್ದ. ಹನ್ನೆರಡಕ್ಕೆ ಇಟ್ಟೆವು. ಗವಾಯಿ ಪಾರಾದ. ಆ ವಾರ ಒಂದು ನಾಟಕ ಬಂತು. ಗಂಡ ಇನ್ನು ಬರುವುದಿಲ್ಲ ಎಂದು ನಾಯಕಿಗೆ ಯಾರೋ ಹೇಳಿದರು. ಆಕೆ ಸುಮ್ಮನಾದಳು. ಎಷ್ಟು ಹೊತ್ತು ಸುಮ್ಮನಿರುತ್ತಾಳೆ ಒಬ್ಬ ಹೆಣ್ಣುಮಗಳು! ಸ್ಟೂಲು ಬಡಿಯಿತು, ಮಚ್ಚೇಂದ್ರ ಹಾರಿ ಎದ್ದು ರೇಡಿಯೋದ ಹಿಂದಿನ ಹಲಗೆ ಕಿತ್ತು ಒಳಗೆ ಕೈ ಹಾಕಿದ. ಅಷ್ಟರಲ್ಲಿ ಅವಳು ಹೋ ಎಂದು ಅತ್ತಳು.

"ಬಿಡು, ಕೈ ತಗಿ! ಕೆಟ್ಟಿಲ್ಲ, ಅಳಾಕತ್ತಾಳ!" ಎಂದು ನಾನು ಒದರಿದೆ. ರಸ್ತೆಯಲ್ಲಿ ಹೋಗುತ್ತಿದ್ದವರು ಯಾರ ಮನೆಯಲ್ಲಿ ಏನಾಯಿತೆಂದು ನಿಂತು ಒಳಗೆ ಇಣುಕಿದರು.

ಕೊನೆಗೆ ಇಪ್ಪತ್ತು ಸೆಕೆಂಡಿಗೆ ಗಟ್ಟಿಮಾಡಿ ಎರಡೂ ತಿರುಗಣಿಗಳ ಮೇಲೆ ನನ್ನ ಖಡುವಿನಿಂದ ಗೆರೆ ಎಳೆದೆವು. ರೇಡಿಯೋದ ಬ್ಯಾಟರಿ ತಂತಿ ಸಡಿಲಾಗಿ ಅದು ಮೊದಲ ಸಲ ನಿಜವಾಗಿಯೂ ನಿಂತ ದಿನ, ಬಜಾರಿನವರು "ಏ ಮಿಸ್ತ್ರಿ" ಎನ್ನುವುದರೊಳಗೆ ಅವನು ಎದ್ದು ಸರಿಮಾಡಿ ಮತ್ತೆ ಕೂತಿದ್ದ. ನನ್ನ ಕಡೆ ತಿರುಗಿ ಕಣ್ಣು ಹೊಡೆದ. ಖರೆ ಹೇಳುತ್ತೇನೆ, ನನ್ನ ಮದುವೆಯ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಆದರೆ ಬಜಾರಿಗೆ ಕಣ್ಣಿದೆಯಲ್ಲ. ಕೆಲಸ ಮಾಡುತ್ತಾ ಸುಮ್ಮನೆ ಕೂತ ಮನುಷ್ಯ ಇದ್ದಕ್ಕಿದ್ದಂತೆ ಸ್ಟೂಲು ಬಿಟ್ಟು ಗೇಣೆತ್ತರ ಹಾರುತ್ತಾನೆ ಎಂದರೆ ಜನ ಏನೆಂದುಕೊಳ್ಳಬೇಕು? ಎದುರಿನ ಚಾ ಹೋಟೆಲಿನ ಮಹೆಬೂಬ ನನ್ನನ್ನು ಬದಿಗೆ ಕರೆದು, "ದಿಗಂಬರಭಾಯ್, ಮಿಸ್ತ್ರಿಗಿ ಬವಾಸೀರ್ ಆಗ್ಯಾದೇನ್ರಿ? ಕುಂಡ್ರಾಕ ತಕಲೀಫ್ ಅದ ಅನ್ನಸ್ತದ" ಎಂದ. ಏನು ಹೇಳಲಿ? ಕಿವಿಯ ಗುಟ್ಟು ಉಳಿಯಬೇಕಾದರೆ ಮೂಲವ್ಯಾಧಿಯನ್ನು ಒಪ್ಪಿಕೊಳ್ಳಲೇಬೇಕು. "ಹೌದ್ರಿ, ಭಾಳ ಆಗ್ಯಾದ" ಎಂದೆ. ಮೆಲ್ಲಗೇ ಹೇಳಿದೆ, ಆದರೆ ನನ್ನ ಮೆಲ್ಲಗೆ ಎಂದರೆ ನಾಲ್ಕು ಅಂಗಡಿಗೆ ಕೇಳುವಷ್ಟು. ಮರುದಿನದಿಂದ ಅವನ ಟೇಬಲ್ಲಿನ ಮೇಲೆ ಮೂಲಂಗಿ, ಮಜ್ಜಿಗೆ, ಯಾರೋ ಬರೆದ ತಾಯಿತ, ಒಂದು ಸೀಸೆ ಎಣ್ಣೆ. ಮಚ್ಚೇಂದ್ರ ನನ್ನ ಮುಖ ಸುಟ್ಟುಬಿಡುವಂತೆ ನೋಡಿ ಮೂಲಂಗಿ ತಿಂದ.

ಎರಡು ವರ್ಷ ಹೀಗೇ ನಡೆಯಿತು. ಕೆಂಪು ವಹಿಯಲ್ಲಿ ಬರೆಯಲಿಕ್ಕೆ ಬಸವಣಪ್ಪನಿಗೆ ಏನೂ ಸಿಗಲಿಲ್ಲ. ಆಮೇಲೆ ಕೇಶರಬಾಯಿ ಬಂದಳು.

ಕೇಶರಬಾಯಿ ಮಾಣಿಕನಗರದಲ್ಲಿ ಕೌದಿ ಹೊಲಿಯುವ ಮುದುಕಿ. ನನ್ನ ಅಂಗಡಿಯ ತುಂಡು ಬಟ್ಟೆ ಒಯ್ಯುವವಳು. ಮಿಸ್ತ್ರಿಯ ಕಷ್ಟ ಕೇಳಿ ಅವಳ ಕರುಳು ಚುರ್ ಎಂದಿತಂತೆ. ನಾನೇ ಕೊಟ್ಟ ಕೆಂಪು ತುಂಡುಗಳಲ್ಲಿ, ನಡುವೆ ತೂತಿರುವ ಒಂದು ಗೇಣು ದಪ್ಪದ ಹತ್ತಿಯ ಗಾದಿ ಹೊಲಿದು ತಂದಳು. ತಾನೇ ಸ್ಟೂಲಿನ ಮೇಲೆ ಇಟ್ಟು, ತಾನೇ ಅವನ ಹೆಗಲು ಒತ್ತಿ ಕೂರಿಸಿ, "ಆರಾಮ ಅದ ಇಲ್ಲೋ ಮಗಾ?" ಎಂದಳು. ಬೇಡ ಎನ್ನಲಿಕ್ಕೆ ಬಾಯಿ ಬರುತ್ತದೆಯೇ? ದಿನಾ ಬಜಾರಿಗೆ ಬಂದಾಗ ಒಮ್ಮೆ ಇಣುಕಿ ಗಾದಿ ಇದೆಯೋ ಇಲ್ಲವೋ ನೋಡಿ ಹೋಗುತ್ತಿದ್ದಳು. ಗಾದಿ ತೆಗೆಯುವ ಹಾಗಿಲ್ಲ. ಅಷ್ಟು ದಪ್ಪದ ಗಾದಿಯ ಮೇಲೆ ಸುತ್ತಿಗೆಯ ಬಡಿತ ಹತ್ತುತ್ತದೋ ಇಲ್ಲವೋ ಎಂದು ನೋಡುವ ಬುದ್ಧಿ ಅವನಿಗೂ ಬರಲಿಲ್ಲ, ನನಗೂ ಬರಲಿಲ್ಲ.

ನಾಲ್ಕನೆಯ ದಿನ ಸಂಜೆ, ಸರಿಯಾಗಿ ಧಾರಣೆ ಓದುವ ಹೊತ್ತಿಗೆ ರೇಡಿಯೋ ನಿಂತಿತು. ಸ್ಟೂಲು ಗಾದಿಯ ಅಡಿಯಲ್ಲಿ ಬಡಿದುಕೊಂಡಿತು, ಬಡಿದುಕೊಂಡಿತು, ಮಚ್ಚೇಂದ್ರ ಮೆತ್ತಗೆ ಕೂತೇ ಇದ್ದ. ನಾನಾದರೂ ಕೇಳಬೇಕಿತ್ತು. ಆದರೆ ಮದುವೆಯ ಬಟ್ಟೆಗೆ ಬಂದ ಒಂದು ಮನೆಯವರ ಜೊತೆ ನಾನು ಆಗ ಚೌಕಾಸಿಯಲ್ಲಿದ್ದೆ. ನನ್ನ ಬಾಯಿಯ ಅಬ್ಬರದಲ್ಲಿ ಹಾರ್ನು ನಿಂತದ್ದು ನನಗೇ ತಿಳಿಯಲಿಲ್ಲ. ಎರಡು ವರ್ಷ ಸ್ಟೂಲನ್ನು ನಂಬಿ ನನ್ನ ಕಿವಿಯೂ ಸೋಮಾರಿಯಾಗಿತ್ತು. ಈ ತಪ್ಪಿಗೆ ನನ್ನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಹನ್ನೊಂದು ನಿಮಿಷ! ಬಸವಣಪ್ಪ ಕುಂಟುತ್ತಾ ಬಂದ, ಹಿಂದೆ ಅರ್ಧ ಬಜಾರು. ಮೀಸೆಯ ಒಳಗಿನಿಂದ, "ಹನ್ನೊಂದು ಮಿನಿಟ ಆತು! ನಿನಗ ಕಿವಿ ಅದಾವೋ ಇಲ್ಲೋ?" ಎಂದ. ಮಚ್ಚೇಂದ್ರ ಆ ಮೀಸೆಯನ್ನು ಎಷ್ಟು ದಿಟ್ಟಿಸಿದರೂ ತುಟಿ ಕಾಣಲಿಲ್ಲ. ಏನೋ ಒಂದು ಊಹಿಸಿ, ನಗುಮುಖ ಮಾಡಿ, "ಹೌದ್ರಿ, ಕುಂಡ್ರಿ, ಚಾ ತರಸ್ತೀನಿ" ಎಂದ.

ಬಸವಣಪ್ಪ ಅವನನ್ನು ಒಂದು ಗಳಿಗೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಗುರುವಾರ ಸಂಜಿಕ ಮಂಡಳಿಯವರು ಬರ್ತೀವಿ. ಪರೀಕ್ಷಾ ಮಾಡ್ತೀವಿ. ಕೇಳದವಂಗ ರೇಡಿಯೋ ಕಾಯಾಕ ಇಡಾಕ ಆಗಂಗಿಲ್ಲ" ಎಂದು ವಹಿಯಲ್ಲಿ ಬರೆದುಕೊಂಡು ಹೋದ.

ಅಂಗಡಿ ಖಾಲಿಯಾದ ಮೇಲೆ ನಾನು ಗುರುವಾರದ ವಿಷಯ ಕೂಗಿ ಹೇಳಿ, ಗಾದಿಯನ್ನು ಹರಿದು ಒಗೆಯಲಿಕ್ಕೆ ಹೋದೆ. ಮಚ್ಚೇಂದ್ರ ತಡೆದ. "ಮುದುಕಿ ಮನಸು ನೊಂದುಕೋತಾಳ. ಗಾದಿ ಇರ್ಲಿ. ಸುತಗಿ ದೊಡ್ಡದು ಹಚ್ಚೂಣ." ಎರಡನೆಯ ಬ್ಯಾಟರಿ ತಂದ. ಹಳೆಯ ಸುತ್ತಿಗೆ ಕಿತ್ತು ಒಂದು ಕಬ್ಬಿಣದ ಗುಂಡು ಕೂರಿಸಿದ. ಗಾದಿ ಹಾಕಿ ತಾನು ಕೂತು ನೋಡಿದ. "ಈಗ ಬರೋಬರಿ" ಎಂದ. ಗಾದಿ ಇಲ್ಲದೆ ಹೇಗಿರುತ್ತದೆ ನೋಡೋಣವೆಂದು ನಾನು ಕೂತೆ. ಯಪ್ಪಾ! ಕತ್ತೆ ಒದ್ದಂತಾಗಿ ನನ್ನ ಟೋಪಿ ಹೋಗಿ ಕಪಾಟಿನ ಮೇಲೆ ಬಿತ್ತು. ಮಚ್ಚೇಂದ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಬೈದೆ. ಆಮೇಲೆ ನಾನೂ ನಕ್ಕೆ. ಗುರುವಾರ ಸಂಜೆ ಅವನು ಸ್ಟೂಲು ಬಿಟ್ಟು ಏಳಬಾರದು, ಅಷ್ಟೇ ನಮ್ಮ ಉಪಾಯ.

ಗುರುವಾರ ಸಂಜೆ ಮಂಡಳಿಯ ಏಳು ಜನ ಬಂದರು. ಸುಮನಬಾಯಿ ಹೊರಗೆ ಕಟ್ಟೆಯ ಮೇಲೆ ಸೆರಗು ಬಾಯಿಗೆ ಹಿಡಿದು ಕೂತಿದ್ದಳು. ಬಸವಣಪ್ಪ ಒಳಗೆ ಬಂದವನೇ ಮೊದಲು ನನಗೆ, "ದಿಗಂಬರಪ್ಪ, ನೀ ಆ ಮೈಕಿನ ಬಾಜೂಕ ನಿಂದ್ರು. ನಾ ಹೇಳೋತನಕ ನಿನ್ನ ಬಾಯಿ ಬಂದ್. ಒಂದು ಹೂಂ ಅಂದ್ರೂ ಪರೀಕ್ಷಾ ಫೇಲ್" ಎಂದ. ನನ್ನ ಬಾಯಿಗೆ ಹುಟ್ಟಿದಾಗಿನಿಂದ ಯಾರೂ ಬೀಗ ಹಾಕಿರಲಿಲ್ಲ. ಹಾಕಿಸಿಕೊಂಡೆ.

ಆಮೇಲೆ ಅವನು ಸುತ್ತಲೂ ನೋಡಿದ. ಕುರ್ಚಿ ಇಲ್ಲ. ಮೊಣಕಾಲು ಹಿಡಿದುಕೊಂಡು ನೆಟ್ಟಗೆ ಸ್ಟೂಲಿನ ಕಡೆಗೇ ನಡೆದ. ಮಚ್ಚೇಂದ್ರ ಏನು ಮಾಡಬೇಕು? ಸೆಕ್ರೆಟರಿ ಎದುರಿಗೆ ನಿಂತಿರುವಾಗ ಕೂತೇ ಇರಲಿಕ್ಕಾಗುತ್ತದೆಯೇ? ಎದ್ದ. ಎದ್ದ ಕೂಡಲೇ ಅವನ ಮುಖ ಬಿಳಿಚಿತು. ಬಸವಣಪ್ಪ ಕೆಂಪು ಗಾದಿಯನ್ನು ಎರಡು ಬೆರಳಲ್ಲಿ ಎತ್ತಿ, "ಇದೇನಿದು ಬಾಣಂತಿ ಗಾದಿ" ಎಂದು ಮೂಲೆಗೆ ಎಸೆದು, ಬರೀ ಹಲಗೆಯ ಮೇಲೆ ತನ್ನ ಅಷ್ಟೂ ಭಾರ ಇಳಿಸಿ ಕೂತ. ನನ್ನ ಜೀವ ಬಾಯಿಗೆ ಬಂತು, ಬಾಯಿ ಮುಚ್ಚಿತ್ತು, ಅಲ್ಲೇ ನಿಂತಿತು.

ಧಾರಣೆ ಶುರುವಾಯಿತು. ಬಸವಣಪ್ಪ ಗಡಿಯಾರ ಕೈಯಲ್ಲಿ ಹಿಡಿದು, ಬೀದಿಯ ಕಡೆ ಬಿಳಿ ವಸ್ತ್ರ ಬೀಸಿದ. ಅದು ಮಹೆಬೂಬನಿಗೆ ಸನ್ನೆ ಎಂದು ನನಗೆ ಆಮೇಲೆ ತಿಳಿಯಿತು. ರೇಡಿಯೋದ ಏರಿಯಲ್ ತಂತಿ ಕಟ್ಟಿದ ಬಿದಿರು ಇದ್ದದ್ದು ಮಹೆಬೂಬನ ಮಾಳಿಗೆಯ ಮೇಲೆ. ಮೊದಲೇ ಹೇಳಿಟ್ಟಂತೆ ಅವನು ತಂತಿ ಕಿತ್ತ. "ಗುಲ್ಬರ್ಗ, ತೊಗರಿ, ಕೆಂಪು" ಎಂದದ್ದಷ್ಟೇ. ಆಮೇಲೆ ನಾಲ್ಕೂ ಹಾರ್ನಿನಲ್ಲಿ ಸಣ್ಣಗೆ ಜರ್ರ್.

ಮಚ್ಚೇಂದ್ರ ರೇಡಿಯೋಕ್ಕೆ ಬೆನ್ನು ಮಾಡಿ, ಮಂಡಳಿಯವರ ಮುಖಗಳನ್ನು ಒಂದೊಂದಾಗಿ ನೋಡುತ್ತಾ ನಿಂತಿದ್ದ. ಯಾರ ಮುಖದಲ್ಲೂ ಏನೂ ಬರೆದಿರಲಿಲ್ಲ. ನಾನು ಮನಸ್ಸಿನಲ್ಲಿ ಎಣಿಸತೊಡಗಿದೆ. ಐದು. ಎಂಟು. ಹತ್ತಾಗುವಷ್ಟರಲ್ಲಿ ಬಸವಣಪ್ಪನ ಮೀಸೆ ಎರಡೂ ತುದಿಗೆ ಎದ್ದಿತು, ಅಂದರೆ ನಗುತ್ತಿದ್ದ. ಹದಿನೈದು. ಹೊರಗೆ ಸುಮನಬಾಯಿ ಎದ್ದು ನಿಂತಳು. ಹದಿನೆಂಟು. ಹತ್ತೊಂಬತ್ತು.

ಧಡಲ್!

"ಯವ್ವಾ!" ಎಂದು ಒದರಿದ ಬಸವಣಪ್ಪನ ಎರಡೂ ಕಾಲು ನೆಲ ಬಿಟ್ಟವು. ಮೊಣಕಾಲು ನೋವಿನ ಮನುಷ್ಯ ಅಷ್ಟೆತ್ತರ ಹಾರಿದ್ದನ್ನು ಹುಮನಾಬಾದ್ ಹಿಂದೆ ನೋಡಿಲ್ಲ, ಮುಂದೆ ನೋಡುವುದೂ ಇಲ್ಲ. ಗಡಿಯಾರ ಒಂದು ಕಡೆ, ಟೋಪಿ ಒಂದು ಕಡೆ. ಮಚ್ಚೇಂದ್ರ ಆ ಹಾರಿಕೆಯನ್ನು ನೋಡಿದ. ಎರಡು ವರ್ಷ ತನ್ನದೇ ಮೈಯಲ್ಲಿ ಹಾರಿದ ಹಾರಿಕೆ ಅದು, ಅವನಿಗೆ ಗುರುತು ಸಿಗದೆ ಇರುತ್ತದೆಯೇ? ಕಣ್ಣು ಮಿಟುಕಿಸುವುದರೊಳಗೆ ತಿರುಗಿದ. ಸ್ಪೀಕರಿನ ಕಾಗದಕ್ಕೆ ಬೆರಳು. ಬ್ಯಾಟರಿ ನೋಡಿದ, ಸರಿ ಇದೆ. ಏರಿಯಲ್ ತಂತಿ ಹಿಡಿದು ಎಳೆದ, ಸಡಿಲಾಗಿ ಕೈಗೆ ಬಂತು. ಒಂದೇ ಓಟಕ್ಕೆ ಬೀದಿ ದಾಟಿ ಮಾಳಿಗೆ ಹತ್ತಿದ. ಅಲ್ಲಿ ಮಹೆಬೂಬ ತಂತಿಯ ತುದಿ ಹಿಡಿದುಕೊಂಡು ಕಳ್ಳನ ಹಾಗೆ ನಿಂತಿದ್ದ. "ನಂದೇನೂ ಇಲ್ಲಪ್ಪ, ಅವರೇ ಹೇಳಿದ್ರು!" ಎಂದು ತಾನೇ ತುದಿ ಕೈಗೆ ಕೊಟ್ಟ.

ಇತ್ತ ಬಸವಣಪ್ಪ ಸ್ಟೂಲನ್ನು ಕಾಲು ಮೇಲೆ ಮಾಡಿ ಎತ್ತಿ ಹಿಡಿದಿದ್ದ. ಕಬ್ಬಿಣದ ಗುಂಡು ಹಲಗೆಯನ್ನು ಇನ್ನೂ ಧಡಲ್ ಧಡಲ್ ಎಂದು ಬಡಿಯುತ್ತಿತ್ತು. ಅಷ್ಟರಲ್ಲಿ ಹಾರ್ನುಗಳಲ್ಲಿ "ಕಡಲೆ, ಮಧ್ಯಮ" ಎಂದು ದನಿ ವಾಪಸು ಬಂತು. ಗುಂಡು ನಿಂತಿತು. ಬಸವಣಪ್ಪ ಗುಂಡನ್ನು ನೋಡಿದ, ರೇಡಿಯೋವನ್ನು ನೋಡಿದ, ಮೂಲೆಯಲ್ಲಿ ಬಿದ್ದ ಕೆಂಪು ಗಾದಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

ಮಚ್ಚೇಂದ್ರ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದ. ತಲೆಕೆಳಗಾದ ಸ್ಟೂಲು ಕಂಡು ಅಲ್ಲೇ ನಿಂತ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಯಾರೂ ಕೇಳುವ ಮೊದಲೇ ಎರಡೂ ಕೈ ಜೋಡಿಸಿ ಹೇಳಿದ. "ನಂಗ ಕೇಳಂಗಿಲ್ರಿ. ಮೂರು ವರ್ಷ ಆತು. ಎರಡು ವರ್ಷದಿಂದ ಸ್ಟೂಲಿಗಿ ಕೇಳ್ತದ."

ಮಂಡಳಿಯವರು ಗುಸುಗುಸು ಎಂದರು. ಒಬ್ಬ ಗಟ್ಟಿಯಾಗಿಯೇ, "ಕಿವಿ ಇದ್ದವಂಗ ಒಬ್ಬಂಗ ನೋಡೂಣ ಬಿಡ್ರಿ" ಎಂದ. ಸುಮನಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಸವಣಪ್ಪ ಒಂದು ಕೈಯಿಂದ ಹಿಂಭಾಗ ತಿಕ್ಕಿಕೊಳ್ಳುತ್ತಾ ಇನ್ನೊಂದು ಕೈಯಿಂದ ಕೆಂಪು ವಹಿ ತೆಗೆದ. ಹಾಳೆ ತಿರುವಿದ. ಹಿಂದಕ್ಕೆ ತಿರುವಿದ. ಮತ್ತೆ ಮುಂದಕ್ಕೆ ಬಂದ.

"ಇಂವಂಗ ಕಿವಿ ಇದ್ದಾಗ," ಎಂದ, "ಒಂದು ವರ್ಷದಾಗ ಹದಿನಾಕು ಸಲ ನಿಂತದ. ಒಂದೊಂದು ಸಲ ಅರ್ಧ ತಾಸು. ಎಲ್ಲಿದ್ದ ಇಂವ? ಮಹೆಬೂಬನ ಹೋಟೆಲದಾಗ ಚಾ ಕುಡಕೋತ ಕುಂತಿದ್ದ. ಕಿವಿ ಹ್ವಾದ ಮ್ಯಾಲ, ಈ ಸ್ಟೂಲ ಒದಿಯಾಕತ್ತ ಮ್ಯಾಲ, ಎರಡು ವರ್ಷದಾಗ ಒಂದೇ ಒಂದು ಸಲ. ಅದೂ ಆ ಹಡಬಿಟ್ಟಿ ಗಾದಿ ಸಲುವಾಗಿ." ವಹಿ ಮುಚ್ಚಿದ. "ಕೆಲಸ ಇಂವಂದೇ. ಮತ್ತ ಎಲ್ಲಾರೂ ಕೇಳ್ರಿ, ಇಂವಂಗ ಕಿವಿ ಬರೋ ಇಲಾಜ್ ಯಾರೂ ಮಾಡಬ್ಯಾಡ್ರಿ."

ಎಲ್ಲರೂ ನಕ್ಕರು. ಮಚ್ಚೇಂದ್ರ ಒಬ್ಬನೇ ನಗಲಿಲ್ಲ. ಆ ಮೀಸೆಯನ್ನೇ ನೋಡುತ್ತಿದ್ದ, ತುಟಿ ಕಾಣದೆ. ಜನ ನಗುವುದು ಕಂಡಿತು. ಯಾಕೆ ನಗುತ್ತಿದ್ದಾರೆ ಎಂದು ತಿಳಿಯಲಿಲ್ಲ. ತನ್ನನ್ನೇ ನೋಡಿ ನಗುತ್ತಿದ್ದಾರೆಂದುಕೊಂಡನೇನೋ, ಜೋಡಿಸಿದ ಕೈ ಮೆಲ್ಲಗೆ ಇಳಿಸಿ, ಟೇಬಲ್ಲಿನ ಮೇಲಿದ್ದ ತನ್ನ ಸಾಮಾನು ಎತ್ತಿ ಚೀಲಕ್ಕೆ ಹಾಕತೊಡಗಿದ.

"ದಿಗಂಬರಪ್ಪ," ಎಂದ ಬಸವಣಪ್ಪ, "ಈಗ ಬಾಯಿ ತಗಿ. ನೀನೇ ಹೇಳು ಅವಂಗ."

ಬಾಯಿ ತೆರೆದೆ. ದನಿ ಬರಲಿಲ್ಲ! ಬೀಗರ ಜೊತೆ ಎರಡು ದಿನ ಜಗಳಾಡಿ ಹೋದ ಗಂಟಲು ಇಂದು ಜಗಳವಿಲ್ಲದೆಯೇ ಕಟ್ಟಿಕೊಂಡಿತು. ಕಣ್ಣಿಗೆ ನೀರು ಬಂತು, ಹೇಳಲಿಕ್ಕೆ ನಾಚಿಕೆ ಏನು. ಮೈಕಿನ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಕೆಮ್ಮಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಒದರಿದೆ. "ಏ ಮಚ್ಚೇಂದ್ರ! ಚೀಲ ಕೆಳಗಿಡಲೇ! ಕೆಲಸ ನಿಂದೇ ಅದ!"

ಹಿಡಿದುಕೊಳ್ಳುವಾಗ ಮೈಕಿನ ಗುಂಡಿ ಒತ್ತಿಬಿಟ್ಟಿದ್ದೆ. ತೊಗರಿ ಕಡಲೆ ಎಲ್ಲವನ್ನೂ ಮುಳುಗಿಸಿ ನನ್ನ ದನಿ ನಾಲ್ಕೂ ಹಾರ್ನಿನಿಂದ ಹೋಯಿತು. ಬಜಾರಿನಲ್ಲಿ ತಕ್ಕಡಿ ಹಿಡಿದವರೆಲ್ಲ ಬೆಚ್ಚಿಬಿದ್ದರು. ಮಾಣಿಕನಗರದಲ್ಲಿ ಕೌದಿ ಹೊಲಿಯುತ್ತಿದ್ದ ಕೇಶರಬಾಯಿಗೂ ಕೇಳಿಸಿತಂತೆ.

ಮಚ್ಚೇಂದ್ರ ಚೀಲ ಹಿಡಿದವನು ಹಾಗೇ ನಿಂತ. ಸುಮನಬಾಯಿಯ ಮುಖ ನೋಡಿದ. ಅವಳು ಹೌದೆಂದು ತಲೆ ಆಡಿಸಿದಳು. ಅವನು ಅಂಗೈಯಿಂದ ಮುಖ ಒರೆಸಿಕೊಂಡು, ನನ್ನ ಕಡೆ ತಿರುಗಿ, ಎಂದಿನ ಸಿಡುಕಿನಲ್ಲೇ ಹೇಳಿದ.

"ಯಾಕ ಇಷ್ಟು ಒದರ್ತಿ? ನಾ ಏನ್ ಕಿವುಡ ಇದ್ದೀನೇನು?"

"ಹೌದಲೇ, ಇದ್ದಿ" ಎಂದೆ, ಜೀವನದಲ್ಲಿ ಮೊದಲ ಸಲ ನಿಜವಾಗಿಯೂ ಮೆಲ್ಲಗೆ. ಅವನಿಗೆ ಕೇಳಿಸಲಿಲ್ಲ. ನನ್ನ ತುಟಿ ನೋಡಿ ತಿಳಿದುಕೊಂಡು ನಕ್ಕ. ಬಸವಣಪ್ಪನ ಕೈಯಿಂದ ಸ್ಟೂಲು ಇಸಿದುಕೊಂಡು ನೆಟ್ಟಗೆ ನಿಲ್ಲಿಸಿದ, ಮೂಲೆಯಿಂದ ಕೆಂಪು ಗಾದಿ ತಂದು ಧೂಳು ಕೊಡವಿ ಮೇಲೆ ಹಾಕಿ, ಎಲ್ಲರ ಮುಂದೆಯೇ ಕೂತ.